ಕೊನೆಯ ಹೊಲದ ನೀರು

ಬೇಸಿಗೆ ಬಂತೆಂದರೆ ರಾಯಬಾಗ, ಚಿಕ್ಕೋಡಿ ಕಡೆ ಕಾಲುವೆಯ ಜಗಳ ಶುರು. ಮೇಲಿನ ಹೊಲದವರ ಕಬ್ಬು ಹಸಿರಾಗಿಯೇ ಇರುತ್ತದೆ. ಕಾಲುವೆಯ ಬಾಲಕ್ಕೆ ಹೊಲ ಇರುವವನು ಮಾತ್ರ ರಾತ್ರಿ ಬ್ಯಾಟರಿ ಹಿಡಿದು ಬದುವಿನ ಮೇಲೆ ಕೂತು, ಇವತ್ತಾದರೂ ನೀರು ಬಂದೀತೇ ಎಂದು ಕಾಯಬೇಕು. ಮೇಲೆ ಎಲ್ಲೋ ದಂಡೆ ಕುಸಿದರೂ, ಹೂಳು ತುಂಬಿದರೂ, ಮೊದಲು ಒಣಗುವುದು ಇವನ ಬೆಳೆ. ಅವನ ಹೊಲಕ್ಕೆ ನೀರು ಬರಲು ಇನ್ನೊಂದು ದಾರಿಯೇ ಇಲ್ಲ.

ಕಣ್ಣಿನ ಹಿಂದೆಯೂ ಇಂಥದೊಂದು ಹೊಲವಿದೆ. ಸುಮಾರು ಒಂದೂವರೆ ಮಿಲಿಮೀಟರ್ ಅಗಲ, ಜೋಳದ ಕಾಳಿನ ಅರ್ಧದಷ್ಟೂ ಇಲ್ಲ. ಅಕ್ಷಿಪಟಲದ ಮೂಲೆಮೂಲೆಯಿಂದ ಬಂದ ಸುಮಾರು 12 ಲಕ್ಷ ನರತಂತುಗಳು ಇಲ್ಲಿ ಒಟ್ಟಾಗಿ, ಒಂದೇ ಕಟ್ಟಾಗಿ, ಮಿದುಳಿನ ಕಡೆ ಹೊರಡುತ್ತವೆ. ಕಣ್ಣಿನ ಡಾಕ್ಟರು ಪಾಪೆಯೊಳಗೆ ಬೆಳಕು ಬಿಟ್ಟು ಇಣುಕಿದಾಗ ಕಾಣುವ ದುಂಡನೆಯ ತಿಳಿಗೆಂಪು ಬಿಲ್ಲೆ ಇದೇ: ದೃಷ್ಟಿನರದ ತಲೆ. ಈ ನರವನ್ನು ಕಣ್ಣಿನ ಆಸ್ತಿ ಎನ್ನುವುದಕ್ಕಿಂತ ಮಿದುಳಿನ ಆಸ್ತಿ ಎನ್ನುವುದೇ ಸರಿ. ಸುಮಾರು ಐದು ಸೆಂಟಿಮೀಟರ್ ಉದ್ದದ ಅದಕ್ಕೆ ಮಿದುಳಿನ ಹೊದಿಕೆಗಳೇ ಹೊದಿಕೆ. ಮಿದುಳಿನ ಹಾಗೆಯೇ ಅದರಲ್ಲಿಯೂ ಒಮ್ಮೆ ಸತ್ತ ತಂತು ಮತ್ತೆ ಚಿಗುರುವುದಿಲ್ಲ. ಕಬ್ಬಿಗಾದರೆ ಕೂಳೆ ಬೆಳೆ ಇದೆ, ನರಕ್ಕೆ ಅದೂ ಇಲ್ಲ.

ಈ ಹೊಲಕ್ಕೆ ನೀರು ಯಾವ ಕಾಲುವೆಯಿಂದ ಬರುತ್ತದೆ ಎಂಬುದನ್ನು ಗಟ್ಟಿಯಾಗಿ ತೋರಿಸಿದವರು ಪಂಜಾಬಿನ ಹಳ್ಳಿಯಲ್ಲಿ ಹುಟ್ಟಿದ ಸೋಹನ್ ಸಿಂಗ್ ಹೇರೆ. ಶವಗಳ ರಕ್ತನಾಳಗಳನ್ನು ಬಿಡಿಸಿ ನೋಡುವುದರಿಂದ ಆರಂಭಿಸಿ, 1961ರಲ್ಲಿ ಲಂಡನ್ನಿಗೆ ಹೋಗಿ, ಮುಂದೆ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ನೆಲೆನಿಂತು, ತಮ್ಮ ಆಯುಷ್ಯವನ್ನೆಲ್ಲ ಈ ಒಂದೂವರೆ ಮಿಲಿಮೀಟರಿಗೆ ಕೊಟ್ಟ ಮನುಷ್ಯ. ಹೃದಯದಿಂದ ಕುತ್ತಿಗೆಯ ದೊಡ್ಡ ಧಮನಿ, ಅದರಿಂದ ಕಣ್ಣಿನ ಧಮನಿ, ಅದರಿಂದ ಕಣ್ಣುಗುಡ್ಡೆಯ ಹಿಂಬದಿಗೆ ಹೋಗುವ ಸಣ್ಣಸಣ್ಣ ಸಿಲಿಯರಿ ಧಮನಿಗಳು. ನರದ ತಲೆಗೆ ಮುಖ್ಯವಾಗಿ ನೀರುಣಿಸುವವು ಈ ಕೊನೆಯವು. ಶವದಲ್ಲಿ ನೋಡಿದರೆ ಈ ಸಣ್ಣ ಧಮನಿಗಳು ಒಂದಕ್ಕೊಂದು ಕೂಡಿಕೊಂಡಂತೆ ಕಾಣುತ್ತವೆ. ಹಾಗಾಗಿ ಒಂದು ಮುಚ್ಚಿದರೆ ಇನ್ನೊಂದು ಕೈಹಿಡಿದೀತು ಎಂದೇ ಪಂಡಿತರು ನಂಬಿದ್ದರು. ಹೇರೆಯವರು ಜೀವಂತ ಕಣ್ಣಿನಲ್ಲಿ, ಫ್ಲೋರಿಸೀನ್ ಎಂಬ ಹೊಳೆಯುವ ಬಣ್ಣವನ್ನು ರಕ್ತಕ್ಕೆ ಬಿಟ್ಟು ನೋಡಿದರು. ಪ್ರತಿ ಧಮನಿಗೂ ತನ್ನದೇ ಹೊಲ, ತನ್ನದೇ ಬದು. ಪಕ್ಕದವನು ಒಣಗಿದರೆ ಯಾರೂ ನೀರು ಬಿಡುವುದಿಲ್ಲ. ನಕ್ಷೆಯಲ್ಲಿ ಎಲ್ಲ ಗೆರೆಗಳೂ ಕೂಡಿಕೊಂಡೇ ಇರುತ್ತವೆ, ನೀರಿನ ಸಂಗತಿ ತಿಳಿಯಬೇಕಾದರೆ ಹೊಲಕ್ಕೇ ಹೋಗಬೇಕು ಎಂದು ಕೃಷ್ಣಾ ತೀರದ ಯಾವ ರೈತನಾದರೂ ಹೇಳುತ್ತಿದ್ದ. ಎರಡು ಧಮನಿಗಳ ಸೀಮೆಗಳು ಸೇರುವ ಗಡಿಯನ್ನು ಹೇರೆ ಜಲವಿಭಾಜಕ ಎಂದೇ ಕರೆದರು. ಹೆಚ್ಚಿನವರಲ್ಲಿ ಈ ಗಡಿ ಹಾಯುವುದು ದೃಷ್ಟಿನರದ ತಲೆಯ ಮೇಲೆ ಅಥವಾ ಅದರ ಮಗ್ಗುಲಲ್ಲಿ. ಅಲ್ಲಿ ರಕ್ತ ನಿಂತು ನರ ಸಾಯುವುದಕ್ಕೆ ಇಂದಿಗೂ ಬಳಕೆಯಲ್ಲಿರುವ ಹೆಸರನ್ನು 1974ರಲ್ಲಿ ಕೊಟ್ಟವರೂ ಅವರೇ.

ಹಾಗಾದರೆ ಕಾಲುವೆಯನ್ನು ಮುಚ್ಚುವುದು ಯಾವುದು? ಹೃದಯಾಘಾತದ ಮಾತು ಬಂದಾಗ ನಾವೆಲ್ಲ ಕೊಬ್ಬಿನ ಹೂಳನ್ನು ನೆನೆಯುತ್ತೇವೆ. ಇಲ್ಲಿ ಹೂಳಲ್ಲ, ದಂಡೆಯೇ ಊದಿಕೊಂಡು ಒಳಕ್ಕೆ ಬರುತ್ತದೆ. ವ್ಯಾಸ್ಕುಲೈಟಿಸ್, ಅಂದರೆ ರಕ್ತನಾಳದ ಉರಿಯೂತ. ಸೋಂಕಿನ ವಿರುದ್ಧ ಹೋರಾಡಬೇಕಾದ ಬಿಳಿರಕ್ತಕಣಗಳು ಧಮನಿಯ ಹೊರಪದರದ ಮೂಲಕ ಗೋಡೆಗೆ ನುಗ್ಗಿ, ನಡುವಿನ ಎಳೆಯುವ ರಬ್ಬರಿನಂಥ ಪದರವನ್ನು ಕಡಿಯುತ್ತವೆ. ಕೆಲವು ಕಣಗಳು ಒಂದರೊಳಗೊಂದು ಬೆರೆತು ದೈತ್ಯಕಣಗಳಾಗುತ್ತವೆ. ಗಾಯ ಮಾಯಿಸಲೆಂದು ಒಳಪದರ ದಪ್ಪಗಾಗಿ ಬೆಳೆಯುತ್ತದೆ, ನಾಳ ಕಟ್ಟುತ್ತದೆ. ಇದಕ್ಕೆ ದೈತ್ಯಕಣ ಧಮನಿ ಉರಿಯೂತ ಎಂದು ಹೆಸರು, ಐವತ್ತು ದಾಟಿದವರ, ಅದರಲ್ಲೂ ಎಪ್ಪತ್ತರ ಸುತ್ತಿನವರ ಕಾಯಿಲೆ. ತಲೆಬುರುಡೆಯೊಳಗೆ ಹೊಕ್ಕ ಮೇಲೆ ಧಮನಿಗಳು ಆ ರಬ್ಬರಿನಂಥ ಪದರವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತವೆ, ಆದ್ದರಿಂದ ಮಿದುಳಿನ ಒಳಗಿನ ನಾಳಗಳು ಸಾಮಾನ್ಯವಾಗಿ ಪಾರಾಗುತ್ತವೆ. ಕಪಾಲದ ಪಕ್ಕದ್ದು, ದವಡೆಯದ್ದು, ಕಣ್ಣಿನದ್ದು ಸಿಕ್ಕಿಬೀಳುತ್ತವೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ‘ಕಣ್ಣಿನ ನರಕ್ಕೆ ಬಾವು ಬಂದಿದೆ’ ಎಂದು ನಮ್ಮಲ್ಲಿ ಸಲೀಸಾಗಿ ಹೇಳಿಬಿಡುತ್ತಾರೆ. ಈ ಕಾಯಿಲೆಯಲ್ಲಿ ಬಾವು ಇರುವುದು ನಾಳದ ಗೋಡೆಯಲ್ಲಿ, ನರ ಸಾಯುವುದು ಉಪವಾಸದಿಂದ. ಈ ಭೇದ ಪಂಡಿತರ ಕೂದಲು ಸೀಳುವ ಕೆಲಸವಲ್ಲ. ಬಾವಿನಿಂದ ಮಂಕಾದ ನರ ವಾರಗಳಲ್ಲಿ ಚೇತರಿಸಿಕೊಳ್ಳಬಹುದು. ಹಸಿವಿನಿಂದ ಸತ್ತದ್ದು ಬಹುತೇಕ ಸತ್ತಂತೆಯೇ.

ಆದ್ದರಿಂದ ಕಣ್ಣು ಹೋಗುವ ಮೊದಲು ದೇಹ ಏನು ಹೇಳುತ್ತದೆ ಎಂಬುದೇ ಮುಖ್ಯ, ಮತ್ತು ಅದು ಹೇಳುವುದು ಕಣ್ಣಿನ ಮೂಲಕ ಅಲ್ಲ. ಲಂಡನ್ನಿನ ಜೋನಾಥನ್ ಹಚಿನ್ಸನ್ 1890ರಲ್ಲಿ ಒಬ್ಬ ಮುದುಕನ ಬಗ್ಗೆ ಬರೆದರು: ತಲೆಯ ಮೇಲೆ ಕೆಂಪು ಬರೆಗಳೆದ್ದು, ಮುಟ್ಟಿದರೆ ನೋವಾಗಿ, ಅವನಿಗೆ ಟೋಪಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಆ ಬರೆಗಳು ಊದಿದ ಧಮನಿಗಳು. ಅದಕ್ಕೂ ಸುಮಾರು ಒಂಬತ್ತು ಶತಮಾನ ಮೊದಲೇ ಬಾಗ್ದಾದಿನ ಕಣ್ಣಿನ ವೈದ್ಯ ಅಲಿ ಇಬ್ನ್ ಈಸಾ ಕಪಾಲದ ಧಮನಿಗೂ ತಲೆನೋವಿಗೂ ಕುರುಡಿಗೂ ನಂಟು ಕಟ್ಟಿದ್ದ. 1932ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಬೇಯಾರ್ಡ್ ಹಾರ್ಟನ್ ಮತ್ತು ಸಂಗಡಿಗರು ಧಮನಿಯ ತುಣುಕನ್ನು ಸೂಕ್ಷ್ಮದರ್ಶಕದಡಿ ಇಟ್ಟು ಅದಕ್ಕೆ ಕಾಯಿಲೆಯ ಪಟ್ಟ ಕೊಟ್ಟರು.

ಹಚಿನ್ಸನ್ನನ ಮುದುಕನ ಟೋಪಿ ನಮ್ಮ ಅಥಣಿ ಸೀಮೆಯಲ್ಲಿ ಪಟಕ. ದಿನವೂ ಪಟಕ ಸುತ್ತುತ್ತಿದ್ದ ಅಜ್ಜ ಒಂದು ದಿನ ಅದನ್ನು ಗೂಟಕ್ಕೆ ನೇತುಹಾಕಿ ಬರಿತಲೆಯಲ್ಲಿ ಕೂತರೆ, ಹಣಿಗೆ ತಾಗಿದರೆ ಸಾಕು ತಲೆಯ ಚರ್ಮ ಉರಿಯುತ್ತದೆ ಎಂದು ಅಜ್ಜಿ ತುರುಬು ಬಿಚ್ಚಿಕೊಂಡೇ ಇದ್ದರೆ, ಮನೆಯವರು ವಯಸ್ಸಾಯಿತು ಎನ್ನುತ್ತಾರೆ. ‘ತಲಿಶೂಲಿ’ ಎಂದು ಅಂಗಡಿಯ ಗುಳಿಗೆ ಬರುತ್ತದೆ. ಇದರ ಜೊತೆಗೆ ಹೆಗಲು, ಸೊಂಟ ಬೆಳಗಿನ ಹೊತ್ತು ಬಿಗಿಯುವುದು, ಸಣ್ಣ ಜ್ವರ, ತೂಕ ಇಳಿಯುವುದು. ಒಂದೊಂದೂ ಬಿಡಿಯಾಗಿ ನೋಡಿದರೆ ಏನೂ ಅಲ್ಲ.

ಎಲ್ಲಕ್ಕಿಂತ ಗುರುತಿನದ್ದು ದವಡೆ. ನಾಲ್ಕು ತುತ್ತು ಸಲೀಸಾಗಿ ಅಗಿದವರು ಐದನೆಯದಕ್ಕೆ ನಿಲ್ಲಿಸುತ್ತಾರೆ. ದವಡೆಯ ಸ್ನಾಯುವಿಗೆ ರಕ್ತ ಸಾಲದೆ ಅದು ದಣಿಯುತ್ತದೆ. ಎರಡು ನಿಮಿಷ ಸುಮ್ಮನಿದ್ದರೆ ಸರಿಹೋಗುತ್ತದೆ, ಮತ್ತೆ ಅಗಿದರೆ ಮತ್ತೆ ಬರುತ್ತದೆ. ಅನ್ನ ಉಣ್ಣುವ ನಾಡಿನಲ್ಲಿ ಇದು ಬಹಳ ದಿನ ಗೊತ್ತಾಗದೆ ಉಳಿದೀತು. ಕಟಕ ರೊಟ್ಟಿ ತಿನ್ನುವ ನಾಡಿನಲ್ಲಿ ಎರಡು ಊಟಕ್ಕೆ ಸಿಕ್ಕಿಬೀಳಬೇಕು ಎಂದು ನನ್ನ ಎಣಿಕೆ. ಆದರೆ ಸಿಕ್ಕಿಬೀಳುವುದಿಲ್ಲ, ಕಾರಣ ಭಾಷೆ. ‘ದವಡಿ ದಣೀತೈತಿ’ ಎಂದು ಯಾರೂ ತಾವಾಗಿ ಹೇಳುವುದಿಲ್ಲ. ‘ಹಲ್ಲು ನೋವು’ ಎನ್ನುತ್ತಾರೆ. ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತಾರೆ, ಆ ವಯಸ್ಸಿನಲ್ಲಿ ಕೀಳಲು ಒಂದು ಹಲ್ಲು ಇದ್ದೇ ಇರುತ್ತದೆ. ಕಾಗವಾಡದವರು ಹತ್ತಿರವೆಂದು ಗಡಿಯಾಚೆಯ ಮಿರಜಕ್ಕೆ ಹೋಗುತ್ತಾರೆ. ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದಂದಿನಿಂದ ಈ ಸೀಮೆಗೆ ಮಿರಜ ಎಂದರೆ ದವಾಖಾನೆಯ ಊರು. ಅಲ್ಲಿ ಕನ್ನಡದ ನೋವು ಮರಾಠಿಗೆ ಹೋಗಿ, ಮರಾಠಿಯಿಂದ ಚೀಟಿಯ ಇಂಗ್ಲಿಷಿಗೆ ಇಳಿಯಬೇಕು. ಅಗಿದಾಗ ಮಾತ್ರ ಬರುವ ದಣಿವು ಇಷ್ಟು ಹೊಳೆ ದಾಟಿ ಬರುವಷ್ಟರಲ್ಲಿ ಬರೀ ನೋವಾಗಿಬಿಡುತ್ತದೆ.

ಇದಾದ ಮೇಲೆ ಕಣ್ಣು. ಕೆಲವರಿಗೆ ಮುನ್ಸೂಚನೆ ಸಿಗುತ್ತದೆ: ಒಂದು ಕಣ್ಣಿಗೆ ಪರದೆ ಇಳಿದಂತಾಗಿ ಐದು ಹತ್ತು ನಿಮಿಷಕ್ಕೆ ತೆರವಾಗುತ್ತದೆ, ಅಥವಾ ಒಂದು ಎತ್ತು ಎರಡಾಗಿ ಕಾಣುತ್ತದೆ. ಎಷ್ಟೋ ಜನಕ್ಕೆ ಅದೂ ಇಲ್ಲ, ಮುಂಜಾನೆ ಎದ್ದಾಗ ಒಂದು ಕಣ್ಣು ಕತ್ತಲೆ. ಕಣ್ಣಿನಲ್ಲಿ ನೋವಿಲ್ಲ, ಕೆಂಪಿಲ್ಲ, ಹೊರಗೆ ಏನೂ ಕಾಣುವುದಿಲ್ಲ. ಮನೆಯವರ ಬಾಯಲ್ಲಿ ಬರುವ ಮೊದಲ ಮಾತು ‘ಮೋತಿಬಿಂದು’, ಅಂದರೆ ಕಣ್ಣಿನ ಪೊರೆ. ಅದು ಬಲಿಯಲಿ, ಮುಂದಿನ ಶಿಬಿರ ಬರಲಿ ಎಂದು ಕಾಯುವುದು. ಮೋತಿಬಿಂದು ತಿಂಗಳುಗಳಲ್ಲಿ ಬರುವ ಮಂಜು, ಒಂದು ರಾತ್ರಿಯಲ್ಲಿ ಬರುವುದಿಲ್ಲ. ನಾಳದ ಉರಿಯೂತವನ್ನು ಚಿಕಿತ್ಸೆಯಿಲ್ಲದೆ ಬಿಟ್ಟರೆ, ಅರ್ಧದಷ್ಟು ಜನರಲ್ಲಿ ಎರಡನೆಯ ಕಣ್ಣೂ ದಿನಗಳಲ್ಲಿ, ವಾರಗಳಲ್ಲಿ ಹೋಗಬಹುದು.

ಮೋತಿಬಿಂದು, ಸತ್ತ ನರ ಎರಡನ್ನೂ ಬೇರೆ ಮಾಡಲು ಒಂದು ಟಾರ್ಚು ಸಾಕು. ಕತ್ತಲೆ ಕೋಣೆಯಲ್ಲಿ ಒಳ್ಳೆಯ ಕಣ್ಣಿಗೆ ಬೆಳಕು ಬಿಟ್ಟರೆ ಎರಡೂ ಪಾಪೆಗಳು ಕುಗ್ಗುತ್ತವೆ. ಬೆಳಕನ್ನು ಚಟಕ್ಕನೆ ಕೆಟ್ಟ ಕಣ್ಣಿಗೆ ತಿರುಗಿಸಿ ನೋಡಿ. ಮೋತಿಬಿಂದು ಎಷ್ಟು ಬಲಿತಿದ್ದರೂ ಬೆಳಕು ನರಕ್ಕೆ ತಲುಪುತ್ತದೆ, ಪಾಪೆ ಕುಗ್ಗಿಯೇ ಇರುತ್ತದೆ. ನರ ಸತ್ತಿದ್ದರೆ, ಬೆಳಕು ಬೀಳುತ್ತಿದ್ದಾಗಲೇ ಎರಡೂ ಪಾಪೆಗಳು ಹಿಗ್ಗುತ್ತವೆ. ಮಿದುಳಿಗೆ ದೀಪ ಆರಿದ ಸುದ್ದಿ ಹೋಗಿದೆ. ಒಳಗೆ ಇಣುಕಿದರೆ ನರದ ತಲೆ ಊದಿಕೊಂಡು, ಸುಣ್ಣ ಬಳಿದ ಹಾಗೆ ಬೆಳ್ಳಗಾಗಿರುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಲ್ಲಿಯೂ ಉರಿಯೂತವಿಲ್ಲದೆ ಇದೇ ನರದ ತಲೆ ಒಣಗುವುದುಂಟು, ನಮ್ಮಲ್ಲಿ ಹೆಚ್ಚು ಕಾಣುವುದು ಅದೇ. ಆದರೆ ಅಲ್ಲಿ ಈ ಸುಣ್ಣದ ಬಿಳುಪು ಇರುವುದಿಲ್ಲ, ದವಡೆಯ ದಣಿವೂ ಇರುವುದಿಲ್ಲ.

ತಾಲ್ಲೂಕು ಊರಿನ ಲ್ಯಾಬಿನಲ್ಲಿ ಆಗುವ ಪರೀಕ್ಷೆ ಇಎಸ್ಆರ್. ನೆಟ್ಟಗೆ ನಿಲ್ಲಿಸಿದ ತೆಳು ಗಾಜಿನ ಕೊಳವೆಯಲ್ಲಿ ಕೆಂಪುಕಣಗಳು ಒಂದು ತಾಸಿನಲ್ಲಿ ಎಷ್ಟು ಮಿಲಿಮೀಟರ್ ಇಳಿದವು ಎಂಬ ಲೆಕ್ಕ. ಉರಿಯೂತ ಇದ್ದರೆ ರಕ್ತದಲ್ಲಿ ಅಂಟು ಪ್ರೋಟೀನು ಹೆಚ್ಚಾಗಿ, ಕಣಗಳು ಒಂದರ ಮೇಲೊಂದು ಪೇರಿಸಿದ ನಾಣ್ಯಗಳಂತೆ ಅಂಟಿಕೊಂಡು ಬೇಗ ಇಳಿಯುತ್ತವೆ. ಕ್ಷಯದಲ್ಲಿಯೂ ಇಳಿಯುತ್ತವೆ, ರಕ್ತಹೀನತೆಯಲ್ಲಿಯೂ ಇಳಿಯುತ್ತವೆ. ಆದ್ದರಿಂದ ನಮ್ಮ ಸೀಮೆಯಲ್ಲಿ ಆ ಅಂಕಿಯೊಂದನ್ನೇ ನಂಬುವ ಹಾಗಿಲ್ಲ, ಸಿಆರ್‌ಪಿ ಎಂಬ ಇನ್ನೊಂದನ್ನೂ ಜೊತೆಗೆ ನೋಡಬೇಕು. ಕೊನೆಯ ಸಾಕ್ಷಿ ಕಪಾಲದ ಧಮನಿಯ ತುಣುಕು. ಅದಕ್ಕಾಗಿ ಔಷಧ ನಿಲ್ಲಬಾರದು. ಉರಿಯೂತ ಇಳಿಸುವ ಸ್ಟೀರಾಯ್ಡ್ ಶುರುವಾಗಿ ಒಂದೆರಡು ವಾರವಾದರೂ ಗೋಡೆಯಲ್ಲಿ ಗುರುತು ಉಳಿದಿರುತ್ತದೆ. ಮೊದಲು ಔಷಧ, ಆಮೇಲೆ ಸಾಕ್ಷಿ. ಕೋರ್ಟಿನಲ್ಲಿ ತಪ್ಪು, ಇಲ್ಲಿ ಇದೇ ಸರಿ.

ದೈತ್ಯಕಣದ ಈ ಕಾಯಿಲೆ ಉತ್ತರ ಯುರೋಪಿನ ಮೂಲದವರಲ್ಲಿ ಹೆಚ್ಚು, ನಮ್ಮಲ್ಲಿ ವಿರಳ. ವಿರಳವಾದದ್ದಕ್ಕೇ ಅದು ಯಾರಿಗೂ ನೆನಪಾಗುವುದಿಲ್ಲ. ನಮ್ಮ ಪಾಲಿಗೆ ಹೆಚ್ಚಾಗಿ ಬಂದಿರುವುದು ಇದರ ಸೋದರಿ, ಮತ್ತು ಅದು ಹಿಡಿಯುವುದು ಅಜ್ಜಿಯನ್ನಲ್ಲ, ಮೊಮ್ಮಗಳನ್ನು. 1908ರಲ್ಲಿ ಜಪಾನಿನ ನೇತ್ರವೈದ್ಯರ ಸಭೆಯಲ್ಲಿ ಕಾನಾಜಾವದ ಮಿಕಿತೊ ತಕಯಾಸು ಎಂಬವರು ಇಪ್ಪತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳ ಕಣ್ಣನ್ನು ವರ್ಣಿಸಿದರು: ದೃಷ್ಟಿನರದ ತಲೆಯ ಸುತ್ತ ರಕ್ತನಾಳಗಳು ಒಂದಕ್ಕೊಂದು ಹೆಣೆದುಕೊಂಡು ಹೂವಿನ ದಂಡೆಯಂತೆ ನಿಂತಿದ್ದವು. ಸಭೆಯಲ್ಲಿದ್ದ ಓನಿಶಿ ಮತ್ತು ಕಾಗೋಶಿಮಾ, ಇಂಥದೇ ಕಣ್ಣುಗಳನ್ನು ನಾವೂ ಕಂಡಿದ್ದೇವೆ, ಆ ರೋಗಿಗಳ ಮಣಿಕಟ್ಟಿನಲ್ಲಿ ನಾಡಿಯೇ ಸಿಗಲಿಲ್ಲ ಎಂದರು. ಕಣ್ಣಿನ ಡಾಕ್ಟರುಗಳು ಕೈ ಹಿಡಿದು ನೋಡಿದ್ದರಿಂದ ಆ ಕಾಯಿಲೆಯ ಗುಟ್ಟು ಬಿಚ್ಚಿತು.

ತಕಯಾಸು ಕಾಯಿಲೆಯಲ್ಲಿ ಉರಿಯುವುದು ಹೊಲಗಾಲುವೆಯಲ್ಲ, ಹೃದಯದಿಂದ ಹೊರಡುವ ಮುಖ್ಯ ಕಾಲುವೆ. ಮಹಾಧಮನಿ ಮತ್ತು ಕುತ್ತಿಗೆಗೆ, ತೋಳಿಗೆ, ಮೂತ್ರಪಿಂಡಕ್ಕೆ ಹೋಗುವ ಅದರ ಕವಲುಗಳು ವರ್ಷಗಟ್ಟಲೆ ನಿಧಾನವಾಗಿ ಕಿರಿದಾಗುತ್ತವೆ. ಕಣ್ಣಿಗೆ ಬರುವ ರಕ್ತ ಸಣ್ಣಗಾಗುತ್ತ ಹೋಗುತ್ತದೆ. ಬಾಯಾರಿದ ಅಕ್ಷಿಪಟಲ ಸಿಕ್ಕಸಿಕ್ಕಲ್ಲಿ ದಂಡೆ ಒಡೆದು ಹೊಸ ದಾರಿ ಮಾಡಿಕೊಳ್ಳುತ್ತದೆ, ಆ ಹೂವಿನ ದಂಡೆ ಹುಟ್ಟುವುದು ಹಾಗೆ. ಹೊಸ ನಾಳಗಳ ಗೋಡೆ ಹಸಿ, ಒಡೆದು ರಕ್ತ ಸೋರುತ್ತದೆ. ಕೂತವಳು ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ರೊಟ್ಟಿ ಬಡಿಯುತ್ತ ಕೂತಾಗ ಮೂರನೆಯ ರೊಟ್ಟಿಗೆ ‘ಕೈ ಸೋತು ಬರ್ತಾವ’. ಅಜ್ಜಿಗೆ ರೊಟ್ಟಿ ಅಗಿಯುವಾಗ, ಮೊಮ್ಮಗಳಿಗೆ ಬಡಿಯುವಾಗ. ಎರಡೂ ಸ್ನಾಯುವಿನ ಹಸಿವೇ. ಅಥಣಿಯಲ್ಲಿ ಚಪ್ಪಲಿಗೆ ತೊಗಲಿನ ಹೆಣಿಗೆ ಹಾಕುವ, ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಲ್ಲಿ ಕೈ ಸೋಲುವುದನ್ನು ದುಡಿಮೆಯ ಲೆಕ್ಕಕ್ಕೆ ಹಾಕಿಬಿಡುವುದು ಸುಲಭ. ಬಸುರಿಯಾಗಿ ಆರೋಗ್ಯ ಕೇಂದ್ರಕ್ಕೆ ಬಂದಾಗ ಎಡಗೈಯಲ್ಲಿ ಬಿಪಿ ಸಿಗದಿದ್ದರೆ ಮೊದಲು ಅನುಮಾನ ಬರುವುದು ಮಷಿನ್ನಿನ ಮೇಲೆ. ಬಲಗೈಯಲ್ಲೂ ನೋಡಬೇಕು. ಎರಡು ಕೈಗಳ ನಡುವೆ ಹತ್ತಕ್ಕಿಂತ ಹೆಚ್ಚು ಅಂತರ ಬಂದರೆ ಅದು ಮಷಿನ್ನಿನ ತಪ್ಪೆಂದು ಬಿಡುವ ಹಾಗಿಲ್ಲ.

ಈ ಕಾಯಿಲೆಯ ಏರಿಳಿತವನ್ನು ಅಳೆಯುವ ಪಟ್ಟಿಯೊಂದನ್ನು 2010ರಲ್ಲಿ ನಮ್ಮ ದೇಶದ ವೈದ್ಯರೇ ಸಿದ್ಧಪಡಿಸಿದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಅದರಲ್ಲಿ ದೊಡ್ಡ ಪಾಲು. ಅದರ ಹೆಚ್ಚಿನ ಅಂಕಗಳು ಸಿಗುವುದು ನಾಡಿ, ಬಿಪಿ, ಸ್ಟೆತಾಸ್ಕೋಪಿನಿಂದಲೇ.

1908 ಇನ್ನೊಂದು ಕಾರಣಕ್ಕೂ ನೆನಪಿಡುವ ವರ್ಷ, ಮತ್ತು ಆ ಕಾರಣ ನಿಪ್ಪಾಣಿಗೆ ಸಂಬಂಧಪಟ್ಟದ್ದು. ನ್ಯೂಯಾರ್ಕಿನ ಲಿಯೊ ಬರ್ಗರ್ ಅದೇ ವರ್ಷ, ತಂಬಾಕು ಸೇದುವ ಯುವಕರ ಕಾಲ್ಬೆರಳು ಕಪ್ಪಾಗಿ ಉದುರುವ ಕಾಯಿಲೆಯನ್ನು ಬಿಡಿಸಿಟ್ಟ. ಅದೂ ರಕ್ತನಾಳದ ಉರಿಯೂತವೇ. ನಮ್ಮಲ್ಲಿ ಅದು ಬೀಡಿ ಸೇದುವವರಲ್ಲಿ ಕಾಣುತ್ತದೆ, ಮದ್ದು ಒಂದೇ, ಬೀಡಿ ಬಿಡುವುದು. ನಿಪ್ಪಾಣಿಯ ಕರಿಮಣ್ಣಿನ ತಂಬಾಕು ಬೀಡಿಗೇ ಹೋಗುವುದು. 1981ರಲ್ಲಿ ಬೆಲೆಗಾಗಿ ಇಲ್ಲಿಯ ರೈತರು ಶರದ್ ಜೋಶಿಯವರ ಮುಂದಾಳುತನದಲ್ಲಿ ಹೆದ್ದಾರಿಯ ಮೇಲೆ ಕೂತದ್ದು ಊರಿನ ಹಿರಿಯರಿಗೆ ಇನ್ನೂ ನೆನಪಿದೆ. ಬೆಳೆಯುವವನ ಅನ್ನ ಅದರಲ್ಲಿದೆ ಎಂಬುದನ್ನು ಮರೆತು ಉಪದೇಶ ಮಾಡುವುದು ನನಗಾಗದು. ಬರ್ಗರನ ಕಾಯಿಲೆ ಕಣ್ಣನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ತಂಬಾಕಿಗೆ ಕಣ್ಣಿನ ನರಕ್ಕೆ ಹೋಗುವ ಬೇರೆ ದಾರಿಯುಂಟು: ಬಹುಕಾಲ ವಿಪರೀತ ಸೇದಿ, ಕುಡಿದು, ಊಟ ಬಿಟ್ಟವರಲ್ಲಿ ಎರಡೂ ಕಣ್ಣಿನ ನಡುನೋಟ ಮೆಲ್ಲಗೆ ಮಸುಕಾಗಿ ಕೆಂಪು ಬಣ್ಣ ಪೇಲವವಾಗುತ್ತದೆ. ಕ್ಷಯದ ಗುಳಿಗೆಗಳಲ್ಲೊಂದಾದ ಎಥಾಂಬುಟಾಲ್ ಕೂಡ ಕೆಲವರಲ್ಲಿ ಹೀಗೆಯೇ ಬಣ್ಣ ಕದಿಯುತ್ತದೆ. ಆಗ ಡಾಕ್ಟರಿಗೆ ಅಂದೇ ಹೇಳಬೇಕು.

ಇನ್ನು ನಿಜವಾಗಿಯೂ ನರದಲ್ಲೇ ಬಾವು ಬರುವ ಕಾಯಿಲೆ. ಹರೆಯದವರಲ್ಲಿ, ಕಣ್ಣು ಹೊರಳಿಸಿದರೆ ನೋವು, ಕುಂಕುಮ ಇಟ್ಟಿಗೆಯ ಬಣ್ಣವಾಗಿ ಕಾಣುವುದು. ಲೂಪಸ್ಸಿನಂಥ ಸ್ವಯಂ-ಪ್ರತಿರೋಧ ಕಾಯಿಲೆಗಳಲ್ಲಿಯೂ ಇದುಂಟು, ನರದ ಅಂಗಾಂಶವನ್ನೇ ಗುರಿಮಾಡುವ ಪ್ರತಿಕಾಯಗಳಿಂದಲೂ ಉಂಟು. ಇಂಥ ಒಂದು ಪ್ರತಿಕಾಯವನ್ನು 2004ರಲ್ಲಿ ಮೇಯೊ ಕ್ಲಿನಿಕ್ಕಿನ ತಂಡ ಗುರುತಿಸಿತು. ಕರ್ನಾಟಕದಲ್ಲಿ ಈ ಕೆಲಸವನ್ನು ಹಿಡಿದು ನಡೆಸಿದವರು ಮಂಗಳೂರಿನ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯ ಡಾ. ಲೇಖಾ ಪಂಡಿತ್. ಇಂಥ ರೋಗಿಗಳ ದಾಖಲೆಯೊಂದನ್ನು ಕಟ್ಟಿ, ಪ್ರತಿಕಾಯ ಪರೀಕ್ಷೆಯನ್ನು ಅಲ್ಲಿಯೇ ಮಾಡುವಂತೆ ಮಾಡಿದರು. ಮೂಗಿನಲ್ಲಿ ರಕ್ತ, ಹಕ್ಕಳೆ, ಮೂತ್ರಪಿಂಡದ ತೊಂದರೆಯೊಂದಿಗೆ ಬರುವ ಇನ್ನೊಂದು ಬಗೆಯ ವ್ಯಾಸ್ಕುಲೈಟಿಸ್ ಕಣ್ಣಿನ ಹಿಂದೆ ಗಂಟು ಬೆಳೆಸಿ ನರವನ್ನು ಹಿಸುಕುತ್ತದೆ.

ಬರ್ಗರನದ್ದೊಂದನ್ನು ಬಿಟ್ಟರೆ, ಈ ಉರಿಯೂತಗಳಿಗೆಲ್ಲ ಮೊದಲ ಮದ್ದು ಒಂದೇ, ಸ್ಟೀರಾಯ್ಡ್. ಮೇಯೊ ಕ್ಲಿನಿಕ್ಕಿನ ಫಿಲಿಪ್ ಹೆಂಚ್ 1948ರ ಸೆಪ್ಟೆಂಬರಿನಲ್ಲಿ ಕೀಲುವಾತದಿಂದ ಹಾಸಿಗೆ ಹಿಡಿದಿದ್ದ ಹೆಂಗಸೊಬ್ಬಳಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. 1950ರಲ್ಲಿ ಅದಕ್ಕೆ ನೊಬೆಲ್ ಬಂತು. ಕಣ್ಣು ಹೋಗುತ್ತಿರುವ ರೋಗಿಗೆ ಇಂದು ಅದರ ವಂಶದ ಮಿಥೈಲ್‌ಪ್ರೆಡ್ನಿಸೊಲೋನ್ ಅನ್ನು ಸಾಮಾನ್ಯವಾಗಿ ದಿನಕ್ಕೆ 1 ಗ್ರಾಂನಂತೆ ಮೂರು ದಿನ ರಕ್ತನಾಳಕ್ಕೆ ಬಿಡುತ್ತಾರೆ, ಆಮೇಲೆ ಗುಳಿಗೆ. ಹೋದ ಕಣ್ಣು ತಿರುಗಿ ಬರುವುದು ಅಪರೂಪ, ಉಳಿಸುವುದು ಇನ್ನೊಂದನ್ನು. ದೈತ್ಯಕಣ ಧಮನಿ ಉರಿಯೂತಕ್ಕೆ 2017ರಿಂದ ಟೊಸಿಲಿಜುಮ್ಯಾಬ್ ಎಂಬ ಹೊಸ ಚುಚ್ಚುಮದ್ದೂ ಇದೆ, ದುಬಾರಿ.

ಸ್ಟೀರಾಯ್ಡಿಗೆ ತನ್ನದೇ ಬಾಕಿ ವಸೂಲಿಯಿದೆ. ಸಕ್ಕರೆ ಏರುತ್ತದೆ, ಎಲುಬು ಸವೆಯುತ್ತದೆ, ಎದೆಯಲ್ಲಿ ಮಲಗಿದ್ದ ಕ್ಷಯ ಏಳುತ್ತದೆ, ಮತ್ತು ವಿಚಿತ್ರವೆಂದರೆ ಮೋತಿಬಿಂದು ನಿಜವಾಗಿಯೂ ಬರುತ್ತದೆ. ಇಷ್ಟಾದರೂ ಅದನ್ನು ತಿಂಗಳುಗಟ್ಟಲೆ, ಹಲವರಲ್ಲಿ ಒಂದೆರಡು ವರ್ಷ, ಚೂರುಚೂರೇ ಇಳಿಸುತ್ತ ಹೋಗಬೇಕು. ಮೊದಲ ಗುಳಿಗೆಗಳ ಮಾರನೆಯ ದಿನವೇ ತಲೆನೋವು ಮಾಯವಾಗಿ, ವಾರದೊಳಗೆ ಅಜ್ಜ ಪಟಕ ಸುತ್ತಿಕೊಂಡು ಸಂತೆಗೆ ಹೊರಟಿರುತ್ತಾನೆ. ಆರಾಮಾದೆನೆಂದು ಗುಳಿಗೆ ಬಿಡುವುದು ಆಗಲೇ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದಷ್ಟು ದಿನ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿರುತ್ತದೆ. ಒಮ್ಮೆಲೆ ಬಿಟ್ಟರೆ ಮನುಷ್ಯ ನಿತ್ರಾಣನಾಗಿ ಬೀಳುತ್ತಾನೆ, ನಾಳದ ಉರಿ ಮರಳಿ ಏಳುತ್ತದೆ. ಆದ್ದರಿಂದ ಗುಳಿಗೆಯ ಹೆಸರು, ಇವತ್ತು ಎಷ್ಟು ಮಿಲಿಗ್ರಾಂ, ಮುಂದೆ ಯಾವ ತಾರೀಖಿಗೆ ಎಷ್ಟು ಇಳಿಸಬೇಕು ಎಂದು ಬರೆದ ಚೀಟಿ ಅವನ ಅಂಗಿಯ ಬಗಲಕಿಸೆಯಲ್ಲಿರಬೇಕು. ಮಿರಜಕ್ಕೆ ಹೋಗುವಾಗಲೂ, ಬೆಳಗಾವಿಗೆ ಹೋಗುವಾಗಲೂ, ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗುವಾಗಲೂ.